ಸೂಟಿಯೊಳಗಿನ ಸಾಲಿ

2025ರ ಸೆಪ್ಟೆಂಬರ್ ಕೊನೆಯ ವಾರ. ದಸರಾ ಸೂಟಿ ಶುರುವಾಗಿ ಏಳೆಂಟು ದಿನವಾಗಿತ್ತು. ಕಲಬುರಗಿ ಜಿಲ್ಲೆಯ ಶಹಾಬಾದದ ಒಂದು ಓಣಿಯಲ್ಲಿ, ಫರಸಿ ಹಾಸಿದ ಕಟ್ಟೆಯ ಮೇಲೆ ಕುಳಿತು ಒಂದು ಮನೆಯ ವಿವರವನ್ನು ಮೊಬೈಲಿನಲ್ಲಿ ತುಂಬುತ್ತಿದ್ದೆ. ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಕೆಲಸ. ಮಳೆ ಬಿಟ್ಟುಬಿಟ್ಟು ಬರುತ್ತಿತ್ತು. ಮೊಬೈಲಿನ ಮೇಲೆ ಹನಿ ಬೀಳದಂತೆ ಸೆರಗು ಹಿಡಿದುಕೊಂಡಿದ್ದೆ. ಮನೆಯ ಹಿರಿಯಾಕೆ ಚಹಾದ ಬಟ್ಟಲು ತಂದಿಟ್ಟು ಎದುರಿಗೇ ಕುಳಿತಳು.

"ಸಾಲಿ ಸೂಟಿ ಬಿಟ್ಟಾವಂತಲ್ರಿ ಅಕ್ಕೋರೆ. ಮತ್ತ ನೀವ್ಯಾಕ ಮಳ್ಯಾಗ ತಿರಗಲಾಕತ್ತೀರಿ?"

"ಸಾಲಿಗಿ ಸೂಟಿ ಅದ ಅವ್ವ. ನಮಗ ಈ ಕೆಲಸ ಅದ."

"ಹಂಗಾರ ನಿಮಗ ಸೂಟಿ ಯಾವಾಗ?"

ಆ ಪ್ರಶ್ನೆಗೆ ಆಗ ಉತ್ತರ ಹೊಳೆಯಲಿಲ್ಲ. ಮನೆಯಲ್ಲಿ ಎಷ್ಟು ಮಂದಿ, ಯಾರು ಎಲ್ಲಿಯವರೆಗೆ ಓದಿದ್ದಾರೆ, ಹೊಲ ಎಷ್ಟು ಎಂದು ಮುಂದಿನ ಪ್ರಶ್ನೆಗಳಿಗೆ ಹೋದೆ. ಒಟ್ಟು ಅರವತ್ತು ಪ್ರಶ್ನೆ. ಆದರೆ ಆಕೆ ಕೇಳಿದ ಅರವತ್ತೊಂದನೆಯ ಪ್ರಶ್ನೆ ಸೂಟಿ ಮುಗಿಯುವವರೆಗೂ ನನ್ನ ಜೊತೆಗೇ ತಿರುಗಿತು. ಸಮಾಜ ವಿಜ್ಞಾನ ಹೇಳುವ ನನಗೆ ಯಾವ ಪ್ರಶ್ನೆಯನ್ನಾದರೂ ಹಿಂದಿನ ಕಾಲಕ್ಕೆ ಒಯ್ದು ನೋಡುವುದು ರೂಢಿ. ನಮ್ಮ ಈ ಸೀಮೆಯಲ್ಲಿ, ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ನಡುವೆ, ಅಕ್ಷರ ಕಲಿಸುವವರಿಗೆ ಬಿಡುವು ಎಂಬುದು ಎಂದಾದರೂ ಇತ್ತೇ? ಇದ್ದರೆ ಅದರಲ್ಲಿ ಅವರು ಏನು ಮಾಡುತ್ತಿದ್ದರು?

ಹುಡುಕಲು ದೂರ ಹೋಗಬೇಕಿಲ್ಲ. ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ ಇದೆ. ಇಂದು ನಾಗಾವಿ ಎಂದರೆ ಜನಕ್ಕೆ ಯಲ್ಲಮ್ಮ, ಶೀಗಿ ಹುಣ್ಣಿಮೆಯ ಜಾತ್ರೆ, ಪಲ್ಲಕ್ಕಿ. ಗುಡಿಯಿಂದ ಸ್ವಲ್ಪ ದೂರ ನಡೆದರೆ ಅರವತ್ತು ಕಂಬದ ಗುಡಿ, ಬಿದ್ದ ಗೋಡೆಗಳು, ಶಾಸನದ ಕಲ್ಲುಗಳು. ಕಲ್ಯಾಣದ ಚಾಲುಕ್ಯರ ಮೊದಲನೆಯ ಸೋಮೇಶ್ವರ, ಅಂದರೆ ತ್ರೈಲೋಕ್ಯಮಲ್ಲ, ಆಳುತ್ತಿದ್ದ ಕಾಲದಲ್ಲಿ ಅವನ ದಂಡನಾಯಕ ಮಧುಸೂದನ ಇಲ್ಲಿ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರವನ್ನು ಕಟ್ಟಿಸಿ ನಡೆಸಿದ. 1058ರ ಶಾಸನ ಅದರ ವ್ಯವಸ್ಥೆಯನ್ನು ವಿವರವಾಗಿ ಹೇಳುತ್ತದೆ. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು ಸುಮಾರು 50 ಮಂದಿ. ವೇದ ಹೇಳಲು ಮೂವರು ಉಪಾಧ್ಯಾಯರು. ಶಾಸ್ತ್ರ ಹೇಳಲು ಇನ್ನೂ ಮೂವರು: ಒಬ್ಬರು ಕುಮಾರಿಲ ಭಟ್ಟನ ಮೀಮಾಂಸೆಗೆ, ಒಬ್ಬರು ಪ್ರಭಾಕರನ ಮೀಮಾಂಸೆಗೆ, ಒಬ್ಬರು ವ್ಯಾಕರಣದ 'ನ್ಯಾಸ' ಗ್ರಂಥಕ್ಕೆ. ಅವರಲ್ಲದೆ ಆರು ಮಂದಿ ಸರಸ್ವತೀ ಭಂಡಾರಿಗರು, ಪುಸ್ತಕಗಳನ್ನು ಕಾಯುವವರು. ಉಪಾಧ್ಯಾಯರಷ್ಟೇ ಸಂಖ್ಯೆಯಲ್ಲಿ ಗ್ರಂಥಪಾಲಕರು! ಇವರೆಲ್ಲರ ಜೀವನಕ್ಕೆ ಭೂಮಿ ಬಿಟ್ಟುಕೊಟ್ಟದ್ದನ್ನೂ ಶಾಸನ ಬರೆದಿದೆ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ 1928ರಲ್ಲಿ ನಾಗಾವಿಯ ಶಾಸನಗಳನ್ನು ಅಚ್ಚು ಮಾಡಿಸಿತು. ಅಂದಿನಿಂದ ವಿದ್ವಾಂಸರಿಗೆ ಇದು ಗೊತ್ತು. ನಮ್ಮ ತಾಲೂಕಿನ ಮಕ್ಕಳಿಗೆ ಇನ್ನೂ ಸರಿಯಾಗಿ ಗೊತ್ತಿಲ್ಲ.

ವೇದ ಹೇಳಿಕೊಡುವ ಶಾಲೆಯ ವರ್ಷ ಹೇಗಿರಬೇಕು ಎಂಬುದನ್ನು ಧರ್ಮಶಾಸ್ತ್ರ ಗೊತ್ತುಮಾಡಿತ್ತು. ಶ್ರಾವಣದಲ್ಲಿ ಉಪಾಕರ್ಮ, ಅಂದರೆ ಓದಿನ ಆರಂಭ. ಅಲ್ಲಿಂದ ನಾಲ್ಕೂವರೆ ತಿಂಗಳು ಎಡೆಬಿಡದ ಅಧ್ಯಯನ. ಪುಷ್ಯದಲ್ಲೋ ಮಾಘದಲ್ಲೋ ಉತ್ಸರ್ಜನ, ಓದನ್ನು ಬಿಟ್ಟುಕೊಡುವ ವಿಧಿ. ಇದನ್ನು ಓದಿದಾಗ ನನಗೆ ಬೆರಗಾಯಿತು. ಜೂನ್‌ನಿಂದ ಅಕ್ಟೋಬರ್, ಅಕ್ಟೋಬರ್‌ನಿಂದ ಏಪ್ರಿಲ್ ಎಂದು ನಾವು ನಡೆಸುವ ಎರಡು ಸೆಮಿಸ್ಟರುಗಳಂಥದೇ ಲೆಕ್ಕ ಅಲ್ಲಿಯೂ ಇದೆ. ಹಾಗಾದರೆ ಉತ್ಸರ್ಜನದ ನಂತರ ಗುರುವಿಗೆ ಬಿಡುವೇ? ಇಲ್ಲ. ಆಮೇಲೆ ಶುಕ್ಲಪಕ್ಷದಲ್ಲಿ ವೇದ, ಕೃಷ್ಣಪಕ್ಷದಲ್ಲಿ ವೇದಾಂಗ ಎಂದು ಮನುಸ್ಮೃತಿಯೇ ಹೇಳುತ್ತದೆ. ವ್ಯಾಕರಣ, ಛಂದಸ್ಸು, ಜ್ಯೋತಿಷಗಳ ಪಾಠ ಆಗ ನಡೆಯಬೇಕು. ನಿಜವಾದ ಬಿಡುವು ಅನಧ್ಯಾಯದ ದಿನಗಳು ಮಾತ್ರ: ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿ, ಚತುರ್ದಶಿ, ಗುಡುಗು ಮಿಂಚಿನ ಹೊತ್ತು, ಧೂಳು ಎದ್ದ ಹೊತ್ತು.

ನಾಗಾವಿಯನ್ನು ಹೊಗಳುವಾಗ ಇನ್ನೊಂದನ್ನೂ ಹೇಳಲೇಬೇಕು. ಆ ಇನ್ನೂರೈವತ್ತು ಮಂದಿಯ ಸಾಲಿನಲ್ಲಿ ನನ್ನಂಥವಳಿಗೆ ಜಾಗವಿರಲಿಲ್ಲ. ಹೆಣ್ಣು ಎಂಬುದಕ್ಕೂ ಇರಲಿಲ್ಲ, ಹುಟ್ಟಿದ ಮನೆತನ ಯಾವುದು ಎಂಬುದಕ್ಕೂ ಇರಲಿಲ್ಲ. ನನ್ನ ಅಪ್ಪ ಖಣಿಯಲ್ಲಿ ಕಲ್ಲು ಎಬ್ಬಿಸಿದವನು. ಅರವತ್ತು ಕಂಬಗಳನ್ನು ಕಡೆದು ನಿಲ್ಲಿಸಿದ ಕೈಗಳ ಮಕ್ಕಳು ಆ ಕಂಬಗಳ ನಡುವೆ ಕುಳಿತು ಓದಲಿಲ್ಲ. ಇದು ನಡೆದುಬಂದ ಸಂಗತಿ. ಮುಂದೆ ನಮ್ಮ ಕಾಲದ ಮಾಸ್ತರರ ಸೂಟಿಗಳೆಲ್ಲ ಯಾಕೆ ಹಾಗೆ ಖರ್ಚಾದವು ಎಂಬುದಕ್ಕೆ ಕಾರಣವೂ ಇದರಲ್ಲೇ ಇದೆ. ಸಾವಿರ ವರ್ಷ ಹೊರಗೆ ಉಳಿದವರನ್ನು ಒಳಗೆ ಕರೆತರುವ ಕೆಲಸ ಸಾಲಿಯ ಹೊತ್ತಿನಲ್ಲಿ ಮುಗಿಯುವಂಥದಲ್ಲ.

ಘಟಿಕಾಸ್ಥಾನಗಳು ಹೋದ ಮೇಲೆ ಊರೂರಲ್ಲಿ ಉಳಿದದ್ದು ಕೂಲಿಮಠ. ಗುಡಿಯ ಪಡಸಾಲೆಯಲ್ಲೋ ಸಾಹುಕಾರರ ಕಟ್ಟೆಯ ಮೇಲೋ ಐಗಳು ಕುಳಿತು ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಅವರ ಕೂಲಿ ಹೆಚ್ಚಾಗಿ ಕಾಳುಕಡಿ, ಹಬ್ಬಕ್ಕೆ ಒಂದಿಷ್ಟು ದಕ್ಷಿಣೆ. ಇವರಿಗೆ ನವರಾತ್ರಿ ಎಂದರೆ ದುಡಿಮೆಯ ಕಾಲ. ಕರಾವಳಿಯಲ್ಲಿ ಐಗಳು ಮಕ್ಕಳನ್ನು ಕಟ್ಟಿಕೊಂಡು ಹೂವಿನ ಕೋಲು ಹಿಡಿಸಿ ಮನೆಮನೆಗೆ ಹೋಗಿ ಹಾಡಿಸುತ್ತಿದ್ದರು. ತೆಲುಗು ನಾಡಿನ ಹಳ್ಳಿಗಳಲ್ಲಿಯೂ ದಸರೆಗೆ ಬಣ್ಣದ ಬಿಲ್ಲು ಹಿಡಿದ ಮಕ್ಕಳ ದಂಡು ಅಲ್ಲಿನ ಮಾಸ್ತರ ಪಂತುಲುವಿನ ಹಿಂದೆ ಹೊರಡುತ್ತಿತ್ತು. ಮಕ್ಕಳಿಗೆ ಪುಟಾಣಿ ಬೆಲ್ಲ, ಗುರುವಿಗೆ ನಾಲ್ಕು ಕಾಸು. ವರ್ಷದ ಕೂಲಿಯಲ್ಲಿ ಒಂದು ಪಾಲು ಆ ಒಂಬತ್ತು ದಿನಗಳಲ್ಲೇ ಹುಟ್ಟಬೇಕಿತ್ತು. ಮಕ್ಕಳಿಗೆ ಅದು ಹಬ್ಬ. ಐಗಳಿಗೆ ಅದು ಸಂಸಾರದ ಪ್ರಶ್ನೆ. ದಸರಾ ಸೂಟಿಯಲ್ಲಿ ಮನೆಮನೆಯ ಬಾಗಿಲಿಗೆ ಹೋಗುವ ಮಾಸ್ತರ ನಮ್ಮ ನಾಡಿಗೆ ಹೊಸಬನಲ್ಲ. ಅಂದು ಹಾಡು ಒಯ್ಯುತ್ತಿದ್ದ. ಇಂದು ಪ್ರಶ್ನೆ ಒಯ್ಯುತ್ತಾನೆ.

ಶಹಾಬಾದದ ಚಹರೆ ಬದಲಾದದ್ದು ರೈಲು ಬಂದ ಮೇಲೆ. ಮುಂಬೈ ಕಡೆಯ ಹಳಿ 1871ರಲ್ಲಿ ರಾಯಚೂರು ಮುಟ್ಟಿ ಮದರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ನೆಲದಡಿ ಪದರು ಪದರಾಗಿ ಮಲಗಿದ್ದ ಸುಣ್ಣದ ಕಲ್ಲಿಗೆ ಆಗ ದಾರಿ ಸಿಕ್ಕಿತು. ಈ ಕಲ್ಲಿನ ಗುಣವೇ ಬೇರೆ. ಪದರು ಹಿಡಿದು ಉಳಿ ಇಟ್ಟು ಬಡಿದರೆ ಹಾಳೆ ಬಿಚ್ಚಿದಂತೆ ಬಿಚ್ಚಿಕೊಳ್ಳುತ್ತದೆ, ಮೇಲ್ಮೈ ತಾನೇ ಸಪಾಟಾಗಿರುತ್ತದೆ. ಮುಂಬೈ, ಪುಣೆ, ಹೈದರಾಬಾದುಗಳ ಮನೆ, ಗೋದಾಮು, ರೈಲು ನಿಲ್ದಾಣಗಳ ನೆಲಕ್ಕೆಲ್ಲ ಶಹಾಬಾದಿ ಫರಸಿ ಹೋಯಿತು. ಭೂವಿಜ್ಞಾನಿಗಳು ಭೀಮಾ ಕಣಿವೆಯ ಆ ಪದರಿಗೆ ನಮ್ಮ ಊರಿನ ಹೆಸರನ್ನೇ ಇಟ್ಟಿದ್ದಾರೆ. 1920ರ ದಶಕದಲ್ಲಿ ಇಲ್ಲಿ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದದ್ದೂ ಅದರಲ್ಲಿ ಸೇರಿತು. ಅಂದಿನಿಂದ ಊರಿನ ದಿನ ಕಾರ್ಖಾನೆಯ ಭೋಂಗಾದ ಮೇಲೆ ನಡೆಯಿತು. ಪಾಳಿಯ ಕೆಲಸದ ಊರಿಗೆ ಸೂಟಿ ಎಂಬುದೂ ಪಾಳಿಯ ಪ್ರಕಾರ ಬರುವ ವಸ್ತು.

ಸೂಟಿ ಎಂಬ ನಮ್ಮ ಮಾತು ಮರಾಠಿಯ ಸುಟ್ಟಿಯಿಂದ ಬಂದದ್ದು. ಅದರ ಬೇರಿನ ಅರ್ಥ ಬಿಡುಗಡೆ. ಪುಸ್ತಕದ ಮಾತು ರಜೆ ಅರಬ್ಬಿಯಿಂದ ಫಾರಸಿ, ಉರ್ದುಗಳ ಮೂಲಕ ಬಂತು. ಅದರ ಬೇರಿನ ಅರ್ಥ ಒಪ್ಪಿಗೆ. ಎರಡೂ ನಮ್ಮ ಸೀಮೆಯಲ್ಲಿ ನೆಲೆಸಿದವು. ಮಕ್ಕಳಿಗೆ ಸಿಕ್ಕಿದ್ದು ಸೂಟಿ, ಮಾಸ್ತರರಿಗೆ ಸಿಕ್ಕಿದ್ದು ರಜೆ ಎಂದು ನನಗೆ ಅನ್ನಿಸುತ್ತದೆ. ಬಿಡುಗಡೆ ಒಮ್ಮೆ ಕೊಟ್ಟರೆ ಕೊಟ್ಟಂತೆ. ಒಪ್ಪಿಗೆಯನ್ನು ಕೊಟ್ಟವರು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು.

ನಿಜಾಮರ ಕಾಲದ ಸರಕಾರಿ ಸಾಲಿಗಳಲ್ಲಿ ವಾರದ ಬಿಡುವು ಶುಕ್ರವಾರ. ದಫ್ತರದ ತಾರೀಖು ಫಸಲಿ ಲೆಕ್ಕದ್ದು. ಆ ವರ್ಷಕ್ಕೆ 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. 1880ರ ದಶಕದಲ್ಲಿ ಆಡಳಿತ ಫಾರಸಿಯಿಂದ ಉರ್ದುವಿಗೆ ಬಂತು, 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಭಾರತದ ಒಂದು ದೇಶಭಾಷೆಯಲ್ಲಿ ಉನ್ನತ ವಿದ್ಯೆ ಕಲಿಸಿದ್ದು ಅದರ ಹಿರಿಮೆ. ಅದೇ ರಾಜ್ಯದಲ್ಲಿ ಕನ್ನಡದ ಮಗುವಿಗೆ ತನ್ನ ಮನೆಮಾತಿನ ಸಾಲಿ ಸಿಗುವುದು ಕಷ್ಟವಿತ್ತು. ಕನ್ನಡ ಕಲಿಸುವ ಹೊರೆ ಖಾಸಗಿ ಸಾಲಿಗಳ ಮೇಲೆ ಬಿತ್ತು. 1907ರಲ್ಲಿ ಕಲಬುರಗಿಯಲ್ಲಿ ನೂತನ ವಿದ್ಯಾಲಯ ಶುರುವಾಯಿತು. 1920ರ ದಶಕದಲ್ಲಿ ಸರಕಾರ ಖಾನಗಿ ಮದರಸಾ, ಅಂದರೆ ಖಾಸಗಿ ಸಾಲಿಗಳಿಗೆ ಮೊದಲೇ ಅನುಮತಿ ಪಡೆಯಬೇಕೆಂಬ ನಿಯಮ ತಂದಿತು. ಸಣ್ಣ ಸಾಲಿಗಳು ಎಷ್ಟೋ ಮುಚ್ಚಿದವು. ಉಳಿದ ಕಡೆ ಕನ್ನಡ ಅಕ್ಷರ ಮನೆಯ ಒಳಗೆ, ದೀಪದ ಬೆಳಕಿನಲ್ಲಿ, ಬಿಡುವಿನ ಹೊತ್ತಿನಲ್ಲಿ ಬದುಕಿತು.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತದ ಒಕ್ಕೂಟಕ್ಕೆ ಒಳಪಟ್ಟಿತು. 1951ರ ಜನಗಣತಿಯಲ್ಲಿ ಹೈದರಾಬಾದ್ ರಾಜ್ಯದ ಅಕ್ಷರಸ್ಥರು ನೂರಕ್ಕೆ ಹತ್ತಕ್ಕೂ ಕಡಿಮೆ. ಬರೆಯಬಲ್ಲವರು ಅಷ್ಟೇ ಮಂದಿ ಇದ್ದಾಗ ಊರಿನ ಎಲ್ಲ ಬರವಣಿಗೆಯೂ ಮಾಸ್ತರರ ತಲೆಯ ಮೇಲೆ ಬೀಳುವುದು ಸಹಜ. ಗಣತಿ, ಮತದಾರರ ಯಾದಿ, ಮತಗಟ್ಟೆ, ಅವರಿವರ ಅರ್ಜಿ, ಮುಂಬೈಯಲ್ಲಿರುವ ಮಗನಿಗೆ ತಾಯಿಯ ಕಾಗದ, ಎಲ್ಲ ಅವರ ಕೈಯಲ್ಲೇ. ಅಪ್ಪ ಹೇಳುತ್ತಿದ್ದ: ಅವನ ಖಣಿಯ ಗುತ್ತೇದಾರನ ಲೆಕ್ಕ ಸರಿಯೋ ತಪ್ಪೋ ಎಂದು ನೋಡಿಸಲು ಕೂಲಿಗಾರರು ಸೂಟಿಯ ದಿನ ಮಾಸ್ತರರ ಮನೆಗೆ ಹೋಗುತ್ತಿದ್ದರು. ಮಾಸ್ತರರು ಊಟಕ್ಕೆ ಕುಳಿತಿದ್ದರೆ ಇವರು ಹೊರಗೆ ಕಾಯುತ್ತಿದ್ದರು. ಯಾರೂ ಆ ಕೆಲಸಕ್ಕೆ ಹಣ ಕೊಟ್ಟದ್ದಿಲ್ಲ, ಅವರು ಕೇಳಿದ್ದೂ ಇಲ್ಲ.

1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯಕ್ಕೆ ಬಂದೆವು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಗಿ, 90ರ ದಶಕದಲ್ಲಿ ಸಾಕ್ಷರತೆಯ ಚಳವಳಿ ಜಿಲ್ಲೆ ಜಿಲ್ಲೆಗೂ ಹಬ್ಬಿತು. ನಾನು ಆಗ ಹೈಸ್ಕೂಲಿನ ಹುಡುಗಿ. ನಮ್ಮ ಓಣಿಯ ಸಾಲಿಯಲ್ಲಿ ರಾತ್ರಿ ಕಂದೀಲು ಹಚ್ಚಿ ಮಾಸ್ತರರು ಕಾಯುತ್ತಿದ್ದರು. ಅವ್ವ ರೊಟ್ಟಿ ಬಡಿದ ಕೈ ತೊಳೆದುಕೊಂಡು ಹೋಗುತ್ತಿದ್ದಳು. ನಾಲ್ಕು ತಿಂಗಳಲ್ಲಿ ತನ್ನ ಹೆಸರು ಬರೆಯಲು ಕಲಿತಳು. ಮೊದಲು ಬರೆದದ್ದು ಮನೆಯ ಫರಸಿಯ ಮೇಲೆ, ಬಳಪದಿಂದ. ಅದನ್ನು ಒರೆಸಲು ಅಪ್ಪ ಬಿಡಲಿಲ್ಲ. ಹಗಲು ಮಕ್ಕಳಿಗೆ, ರಾತ್ರಿ ದೊಡ್ಡವರಿಗೆ ಕಲಿಸಿದ ಆ ಮಾಸ್ತರರು ಆ ವರ್ಷ ಬೇಸಿಗೆ ಸೂಟಿಗೂ ತಮ್ಮ ಊರಿಗೆ ಹೋಗಲಿಲ್ಲ.

ನಾನು ನೌಕರಿಗೆ ಸೇರಿದ್ದು 2002ರಲ್ಲಿ, ಪ್ರಾಥಮಿಕ ಸಾಲಿಯ ಶಿಕ್ಷಕಿಯಾಗಿ. ಅದೇ ವರ್ಷದ ಜೂನ್‌ನಲ್ಲಿ ನಮ್ಮ ಜಿಲ್ಲೆಯೂ ಸೇರಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಆರಂಭವಾಗಿತ್ತು. ಅಂದಿನಿಂದ ಒಂದು ವಹಿಯಲ್ಲಿ ಪ್ರತಿ ಸೂಟಿಯಲ್ಲಿ ಏನು ಮಾಡಿದೆ ಎಂದು ಬರೆಯುತ್ತ ಬಂದಿದ್ದೇನೆ. ಅದರ ಮೊದಲ ಪುಟದಲ್ಲಿ 'ಚಿಣ್ಣರ ಅಂಗಳ, ಬೇಸಿಗೆ 2003' ಎಂದಿದೆ.

ಸಾಲಿ ಬಿಟ್ಟ ಮಕ್ಕಳನ್ನು, ಎಂದೂ ಸಾಲಿ ಮೆಟ್ಟಿಲು ಹತ್ತದ ಮಕ್ಕಳನ್ನು ಬೇಸಿಗೆಯಲ್ಲಿ ಸೇರಿಸಿ, ಜೂನ್‌ಗೆ ಅವರ ವಯಸ್ಸಿನ ತರಗತಿಗೆ ದಾಟಿಸುವ ಯೋಜನೆ ಅದು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಸರಕಾರಿ ಕಚೇರಿಗಳೇ ಆಗ ಮುಂಜಾನೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ನಾವು ಬೆಳಿಗ್ಗೆ ಆರಕ್ಕೆ ಖಣಿಗಳ ಕಡೆ ಹೋಗುತ್ತಿದ್ದೆವು. ಬಿಸಿಲು ಏರುವ ಮೊದಲೇ ಅಲ್ಲಿ ಸುತ್ತಿಗೆಯ ಸದ್ದು ಶುರುವಾಗಿರುತ್ತಿತ್ತು. ಹಾರೆ ಹಾಕಿ ಎಬ್ಬಿಸಿದ ಕಲ್ಲಿನ ಅಂಚನ್ನು ಉಳಿಯಿಂದ ತೆಗೆಯುವ ದೊಡ್ಡವರು, ಚೂರು ಹೊರುವ, ನೀರು ತರುವ ಮಕ್ಕಳು. ನಾನೂ ಸೂಟಿಯಲ್ಲಿ ಅಲ್ಲಿ ನೀರು ಹೊತ್ತವಳೇ. ಆದ್ದರಿಂದ ತಾಯಂದಿರ ಜೊತೆ ಮಾತಾಡುವುದು ನನಗೆ ಸುಲಭವಾಯಿತು.

ಹನ್ನೊಂದು ವರ್ಷದ ಒಬ್ಬ ಹುಡುಗ ಬಂದ. ಅಕ್ಷರ ಒಂದೂ ಗೊತ್ತಿರಲಿಲ್ಲ. ಪಾಟಿಯ ಮೇಲೆ ಕೂಡಿಸುವ ಲೆಕ್ಕ ಬರೆದುಕೊಟ್ಟರೆ ತಲೆ ತಗ್ಗಿಸಿ ಕುಳಿತುಬಿಡುತ್ತಿದ್ದ. ಒಂದು ದಿನ ಬಾಯಿಮಾತಿನಲ್ಲಿ ಕೇಳಿದೆ: "ಎರಡು ಫೂಟಿನ ಚೌಕ ಫರಸಿ ಎಷ್ಟು ಹಾಕಿದರ ಒಂದು ಬ್ರಾಸ್ ಆಗ್ತದೋ?"

"ಇಪ್ಪತ್ತೈದ್ರಿ ಅಕ್ಕೋರೆ," ಎಂದ, ಕಣ್ಣು ಮಿಟುಕಿಸುವಷ್ಟರಲ್ಲಿ.

ನಮ್ಮಲ್ಲಿ ಹಾಸುಗಲ್ಲನ್ನು ಬ್ರಾಸ್ ಲೆಕ್ಕದಲ್ಲಿ ಮಾರುತ್ತಾರೆ. ನೂರು ಚದರ ಅಡಿಗೆ ಒಂದು ಬ್ರಾಸ್. ಎರಡು ಅಡಿಯ ಚೌಕಕ್ಕೆ ನಾಲ್ಕು ಚದರ ಅಡಿ, ನೂರಕ್ಕೆ ಇಪ್ಪತ್ತೈದು ಕಲ್ಲು. ಆ ಹುಡುಗನಿಗೆ ಗುಣಾಕಾರ, ಭಾಗಾಕಾರ, ಕ್ಷೇತ್ರಫಲ ಎಲ್ಲವೂ ಗೊತ್ತಿತ್ತು, ಅವುಗಳ ಹೆಸರು ಮಾತ್ರ ಗೊತ್ತಿರಲಿಲ್ಲ. ಅಂದಿನಿಂದ ಫರಸಿಯ ನೆಲವೇ ನಮ್ಮ ಕರಿಹಲಗೆಯಾಯಿತು. ಒಂದು ಕಲ್ಲಿಗೆ ಒಂದು ಅಕ್ಷರ, ಒಂದು ಸಾಲಿಗೆ ಒಂದು ಮಾತು. ಮೇ ಕೊನೆಗೆ ಅವನನ್ನು ಸ್ಟೇಶನ್ನಿಗೆ ಕರೆದೊಯ್ದೆ. ಹಳದಿ ಹಲಗೆಯ ಮೇಲೆ ಕನ್ನಡದಲ್ಲಿ ಬರೆದಿದ್ದ ಊರಿನ ಹೆಸರನ್ನು ಕೂಡಿಸಿ ಕೂಡಿಸಿ ಓದಿದ. ದಿನಾ ನೋಡಿದ್ದ ಹಲಗೆ ಅದು. ಓದಿದ್ದು ಅಂದೇ ಮೊದಲು. ಜೂನ್‌ನಲ್ಲಿ ಐದನೆಯ ತರಗತಿಗೆ ಸೇರಿದ. ನನ್ನ ಮೊದಲ ಬೇಸಿಗೆ ಸೂಟಿ ಹೀಗೆ ಹೋಯಿತು, ಅದರ ಒಂದು ದಿನವನ್ನೂ ಯಾರಿಂದಲೂ ಹಿಂದಕ್ಕೆ ಕೇಳಲಾರೆ.

ವಹಿಯ ಮುಂದಿನ ಪುಟಗಳಲ್ಲಿ ಇಂಥವೇ ಕೆಲಸಗಳು. 2010ರ ಏಪ್ರಿಲ್, ಮೇ: ಜನಗಣತಿಯ ಮನೆಪಟ್ಟಿ. 2015ರ ಏಪ್ರಿಲ್: ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ. ಬರ ಬಿದ್ದ ಬೇಸಿಗೆಗಳಲ್ಲಿ ಸೂಟಿಯಲ್ಲೂ ಬಿಸಿಯೂಟದ ಉಸ್ತುವಾರಿ, ಚುನಾವಣೆ ಬಂದ ಬೇಸಿಗೆಗಳಲ್ಲಿ ಮತಗಟ್ಟೆ. ಹೈಸ್ಕೂಲಿಗೆ ಬಡ್ತಿ ಬಂದ ಮೇಲೆ ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನ. ಪ್ರತಿ ಜೂನ್‌ಗೆ ಮೊದಲು ದಾಖಲಾತಿ ಆಂದೋಲನ, ಚಿಂಚೋಳಿ ಕಡೆಯ ತಾಂಡಾಗಳಿಂದ ಗುಳೆ ಹೋದವರು ಹಿಂದಿರುಗಿದರೇ ಎಂದು ಕೇಳಿಕೊಂಡು ತಿರುಗುವುದು. ಬೇಸಿಗೆ ಸೂಟಿ ಬಂದಾಗ ಹೊಲ ಖಾಲಿ, ಕೂಲಿ ಇಲ್ಲ, ತಂದೆತಾಯಿ ಮಕ್ಕಳನ್ನು ಕಟ್ಟಿಕೊಂಡು ಪುಣೆ, ಮುಂಬೈ, ಹೈದರಾಬಾದಿನ ರೈಲು ಹತ್ತುತ್ತಾರೆ. ದಸರಾ ಸೂಟಿ ಬಂದಾಗ ಹಿಂಗಾರಿ ಬಿತ್ತನೆಯ ಗಡಿಬಿಡಿ. ಮಗು ಸಾಲಿಯಿಂದ ಜಾರಿಹೋಗುವುದು ಈ ಎರಡು ಸೂಟಿಗಳಲ್ಲೇ. ಹಾಗಾಗಿ ಮಾಸ್ತರರು ನಿಲ್ಲಬೇಕಾದ ಜಾಗವೂ ಅದೇ.

2025ರ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆಯ ಸ್ಥಾನದಲ್ಲಿತ್ತು. ನೂರಕ್ಕೆ 42 ಮಕ್ಕಳು ಪಾಸಾಗಿದ್ದರು. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ, ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ 'ಕವಿರಾಜಮಾರ್ಗ' ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು ಎಂದು ಪ್ರತಿ ವರ್ಷ ನವೆಂಬರ್‌ನಲ್ಲಿ ನಾನೇ ಮಕ್ಕಳಿಗೆ ಹೇಳುತ್ತೇನೆ. ಆ ಸಂಜೆ ನನಗೆ ಊಟ ಸೇರಲಿಲ್ಲ. ಫೇಲಾದ ಮಕ್ಕಳಿಗೆ ಮೇ ಕೊನೆಯ ವಾರ ಎರಡನೆಯ ಪರೀಕ್ಷೆ. ಮೂರು ವಾರ ಇತ್ತು. ನಮ್ಮ ಸಾಲಿಯ ಐದು ಮಂದಿ ಮಾಸ್ತರರು ಮರುದಿನವೇ ಬಂದು ಬೀಗ ತೆಗೆದೆವು. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಪಾಠ. ಕೂಲಿಗೆ ಹೋದ ಹುಡುಗಿಯರನ್ನು ಮನೆಗೆ ಹೋಗಿ ಕರೆದುತಂದೆವು. ನಮ್ಮ ತರಗತಿಗೆ ಬಂದ ಹನ್ನೆರಡು ಮಕ್ಕಳಲ್ಲಿ ಏಳು ಮಂದಿ ಎರಡನೆಯ ಪರೀಕ್ಷೆ ದಾಟಿದರು. ಉಳಿದ ಐವರ ಹೆಸರೂ ವಹಿಯಲ್ಲಿದೆ. ಅವರ ಕೆಲಸ ಮುಗಿದಿಲ್ಲ.

ಆಮೇಲೆ ಬಂದದ್ದು ಆ ವರ್ಷದ ದಸರಾ. ಸೆಪ್ಟೆಂಬರ್ 22ರಂದು ಸಮೀಕ್ಷೆ ಶುರುವಾಯಿತು. ವಿದ್ಯುತ್ ಮೀಟರ್ ನೋಡುವವರು ಮೊದಲೇ ಮನೆಮನೆಗೆ ಚೀಟಿ ಅಂಟಿಸಿ ಹೋಗಿದ್ದರು. ಆ ಚೀಟಿಯ ನಂಬರು ಹಿಡಿದು ನಾವು ಮನೆ ಹುಡುಕಬೇಕು. ಒಮ್ಮೊಮ್ಮೆ ನೆಟ್‌ವರ್ಕ್ ಇರುತ್ತಿರಲಿಲ್ಲ. ತುಂಬಿದ ವಿವರ ಹೋಗಲಿಲ್ಲವೆಂದು ಒಂದೇ ಮನೆಗೆ ಮೂರು ಸಲ ಹೋದದ್ದುಂಟು. ಅದೇ ವಾರ ಮಳೆ ಅತಿಯಾಯಿತು. ಮಹಾರಾಷ್ಟ್ರದ ಕಡೆಯಿಂದ ಬಂದ ನೀರಿಗೆ ಭೀಮೆ ಉಕ್ಕಿದಳು, ಕಾಗಿಣಾ ಹೊಳೆ ದಡ ಮೀರಿತು. ತೊಗರಿಯ ಹೊಲಗಳಲ್ಲಿ ನೀರು ನಿಂತಿತು. ನೀರು ಹೊಕ್ಕ ಮನೆಯ ಎದುರು ನಿಂತು 'ನಿಮ್ಮ ಮನೆಯಲ್ಲಿ ಯಾವ ಯಾವ ಸಾಮಾನು ಇವೆ' ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಮೊದಲು ಅವರ ಜೊತೆ ಕಾಳಿನ ಚೀಲ ಎತ್ತಿ ಕಟ್ಟೆಗೆ ಇಟ್ಟೆ. ಪ್ರಶ್ನೆ ಮರುದಿನ ಕೇಳಿದೆ. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ಕೆಲಸ ಮುಂದೆ ಹೋಯಿತು, ಸಾಲಿಗಳ ಸೂಟಿಯನ್ನು 18ರವರೆಗೆ ಹಿಗ್ಗಿಸಿದರು. ಹಿಗ್ಗಿದ ಆ ದಿನಗಳೂ ಓಣಿಯಲ್ಲೇ ಹೋದವು.

ಆದರೆ ಆ ದಿನಗಳಲ್ಲಿ ನಾನು ನೋಡಿದ್ದು ಬೇರೆ ಎಲ್ಲಿಯೂ ಸಿಗುವಂಥದಲ್ಲ. ಎರಡು ವರ್ಷದಿಂದ ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ತೂಕಡಿಸುತ್ತಿದ್ದ ಒಬ್ಬ ಹುಡುಗಿ ಇದ್ದಳು. ಅವಳ ಮನೆಗೆ ಸಮೀಕ್ಷೆಗೆ ಹೋದಾಗ ಒಂದೇ ಕೋಣೆ, ಏಳು ಮಂದಿ, ಹಾಸಿಗೆ ಹಿಡಿದ ಅಜ್ಜಿ. ರಾತ್ರಿ ಅಜ್ಜಿಯನ್ನು ನೋಡಿಕೊಳ್ಳುವ ಪಾಳಿ ಈ ಹುಡುಗಿಯದು. ಎರಡು ವರ್ಷ ಅವಳನ್ನು ಬೈದ ನನಗೆ ಆ ಹೊಸಿಲ ಮೇಲೆ ಕಣ್ಣು ತುಂಬಿತು. ಸಾಲಿ ತೆರೆದ ದಿನ ಅವಳನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿದೆ.

ನನ್ನ ಮಾತು ಇಷ್ಟು. ಸೂಟಿಯಲ್ಲಿ ಮಾಸ್ತರರು ಮಾಡುವ ಕೆಲಸ ಸಾಲಿಯ ಕೆಲಸದ ಇನ್ನೊಂದು ಅರ್ಧ. ಅದನ್ನು ಮಾಡುವುದಕ್ಕೆ ನಮ್ಮಲ್ಲಿ ಯಾರಿಗೂ ಬೇಸರವಿಲ್ಲ. ಶರಣರು ಕಾಯಕವೆಂದು ಕರೆದದ್ದನ್ನು ಈ ಕಲ್ಯಾಣದ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಶರಣರು ಕಾಯಕವನ್ನು ಮರೆಯಲ್ಲಿ ಇಡಲಿಲ್ಲ, ಮಾಡುವವರ ಹೆಸರಿನ ಜೊತೆಗೇ ಅದನ್ನು ಇಟ್ಟರು. ನಮ್ಮದು ರಜೆ ಇರುವ ಇಲಾಖೆ. ಆ ಕಾರಣಕ್ಕೆ ಬೇರೆ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಇದ್ದರೆ ನಮಗೆ 10. 2009ರ ಶಿಕ್ಷಣ ಹಕ್ಕು ಕಾಯ್ದೆ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಹೇಳಿದೆ. ಕಲಿಕೆಯ ಹೊತ್ತು ಕೆಡಬಾರದೆಂಬುದು ಅದರ ಆಶಯ. ಆ ಹೊತ್ತು ಉಳಿಸಲೆಂದು ಬೇರೆಲ್ಲ ಕೆಲಸ ಸೂಟಿಗೆ ಬಂದು ಸೇರುತ್ತದೆ. ಸೇರಲಿ. ಸೇರಿದ್ದು ಲೆಕ್ಕಕ್ಕೆ ಬರಲಿ, ಆ ದಿನಗಳು ಬಿಡುವಾಗಿ ಮತ್ತೊಮ್ಮೆ ಸಿಗಲಿ. ದಣಿದ ಮಾಸ್ತರನ ಮುಂದೆ ಕುಳಿತ ಮಗುವಿಗೂ ಅದರಿಂದ ಒಳ್ಳೆಯದು.

2001ರಿಂದ ಹತ್ತು ವರ್ಷದಲ್ಲಿ ನಮ್ಮ ಜಿಲ್ಲೆಯ ಅಕ್ಷರಸ್ಥರು ಹೆಚ್ಚುತ್ತ ಹೋದರು. 2011ರಲ್ಲಿ ನೂರಕ್ಕೆ 64ನ್ನು ದಾಟಿದರು. ಈ ಹೆಚ್ಚಳದ ಹಿಂದೆ ಎಷ್ಟು ಬೇಸಿಗೆಗಳ, ಎಷ್ಟು ದಸರೆಗಳ ಸೂಟಿ ಕರಗಿದೆ ಎಂಬುದನ್ನು ಯಾವ ವರದಿಯೂ ಬರೆದಿಲ್ಲ. ಆದ್ದರಿಂದ ನನ್ನ ಓರಗೆಯ ಮಾಸ್ತರರಿಗೆ, ಅಕ್ಕೋರಿಗೆ ಒಂದು ಬೇಡಿಕೆ: ನಿಮ್ಮ ಸಾಲಿಯಲ್ಲಿ ಒಂದು ವಹಿ ಇಡಿರಿ. ಪ್ರತಿ ಸೂಟಿಯಲ್ಲಿ ಯಾರು, ಎಲ್ಲಿ, ಯಾವ ಕೆಲಸ ಮಾಡಿದರು, ಯಾವ ಮಗುವನ್ನು ಎಲ್ಲಿಂದ ಕರೆತಂದರು ಎಂದು ಬರೆಯಿರಿ. ಸಾಲಿಯ ಚರಿತ್ರೆ ಎಂದರೆ ಅದೇ. ಓದುಗರಿಗೂ ಒಂದು ಮಾತು: ಸೂಟಿಯಲ್ಲಿ ನಿಮ್ಮ ಬಾಗಿಲಿಗೆ ಒಬ್ಬ ಮಾಸ್ತರ ಬಂದರೆ ಕುಳ್ಳಿರಿಸಿ ನೀರು ಕೊಡಿರಿ, ನಿಮ್ಮ ಮಗುವಿನ ಬಗ್ಗೆ ಎರಡು ಮಾತು ಹೇಳಿರಿ.

ನಾಗಾವಿಯ ಕಲ್ಲು ಆರು ಮಂದಿ ಉಪಾಧ್ಯಾಯರನ್ನೂ ಆರು ಮಂದಿ ಪುಸ್ತಕ ಕಾಯುವವರನ್ನೂ ಬಿಡದೆ ಲೆಕ್ಕ ಇಟ್ಟಿದೆ. ಸಾವಿರ ವರ್ಷವಾಗುತ್ತ ಬಂದರೂ ಆ ಲೆಕ್ಕ ಅಳಿಸಿಲ್ಲ. ನಮ್ಮ ಊರಿನಲ್ಲಿ ಕಲ್ಲಿಗೆ ಇಂದಿಗೂ ಕೊರತೆಯಿಲ್ಲ.